ಎಕ್ಸ್‌ರೇಗೆ ಕಾಣದ ಬ್ಯಾನಿ

ಮೊನ್ನೆ ಡೊಂಬಿವಲಿ ಸ್ಟೇಷನ್ ಹತ್ತಿರ ನಮ್ಮ ಕಡೆಯವರೇ ಒಬ್ಬರು ಸಿಕ್ಕಿದ್ದರು. ಆರು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಟೊಂಕದ ಎಲುಬು ಮುರಿದುಕೊಂಡಿದ್ದವರು. "ಹೆಂಗದೀರಿ?" ಅಂದೆ. "ಎಲುಬು ಕೂಡೇತಂತ್ರಿ, ಡಾಕ್ಟ್ರು ಎಕ್ಸ್‌ರೇ ನೋಡಿ ಹೇಳ್ಯಾರ" ಅಂದರು. ಆಮೇಲೆ ಸ್ವಲ್ಪ ತಡೆದು, ದನಿ ತಗ್ಗಿಸಿ, "ಆದ್ರ ರಾತ್ರಿ ಕಾಲು ಬೆಂಕ್ಯಾಗ ಇಟ್ಟಂಗ ಆಗ್ತೈತ್ರಿ. ಯಾರ ಮುಂದ ಹೇಳೂದು? ಎಲುಬು ಕೂಡೇತಲ್ಲ!" ಅಂದರು. ದಿನಾ ಎರಡು ನೋವಿನ ಗುಳಿಗೆ ನುಂಗುತ್ತಾರಂತೆ. ಯಾರು ಬರೆದುಕೊಟ್ಟರು ಅಂದರೆ, ಮೆಡಿಕಲ್ ಅಂಗಡಿಯವನು.

ಅವರನ್ನು ಅಲ್ಲೇ ಹಿಡಿದು ನಿಲ್ಲಿಸಿ ಅರ್ಧ ತಾಸು ಕೊರೆದೆ. ಪಾಪ, ನಿಲ್ಲಲಾರದ ಮನುಷ್ಯ. ಮನೆಗೆ ಬಂದ ಮೇಲೆ ಅನಿಸಿತು, ಇದನ್ನೇ ಇಲ್ಲಿ ಬರೆದರೆ ಇನ್ನೂ ನಾಲ್ಕು ಜನಕ್ಕೆ ಉಪಯೋಗವಾದೀತು ಎಂದು. ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಫೋರ್ಟಿನ ಒಂದು ಆಫೀಸಿನಲ್ಲಿ ಲೆಕ್ಕ ಬರೆದವನು. ಆದರೆ ಈ ಒಂದು ವಿಷಯದಲ್ಲಿ ನನ್ನ ಎಡಗಾಲು ಸಾಕಷ್ಟು ವ್ಯಾಸಂಗ ಮಾಡಿದೆ.

2018ರ ಡಿಸೆಂಬರ್. ಅಕ್ಕನ ಮಗನ ಮದುವೆಗೆಂದು ಪುಣೆಗೆ ಹೊರಟಿದ್ದೆವು. ನಾನು ಡ್ರೈವರ್ ಪಕ್ಕ, ಸೀಟನ್ನು ಮುಂದಕ್ಕೆ ಎಳೆದುಕೊಂಡು ಕೂತಿದ್ದೆ, ಹಿಂದೆ ಹೆಂಗಸರಿಗೆ ಜಾಗ ಆಗಲಿ ಎಂದು. ಖೋಪೋಲಿ ಹತ್ತಿರ ಮುಂದಿನ ಲಾರಿ ಒಮ್ಮೆಲೇ ನಿಂತಿತು. ನಮ್ಮ ಗಾಡಿ ಹೋಗಿ ಗುದ್ದಿತು. ನನ್ನ ಮೊಣಕಾಲು ಡ್ಯಾಶ್‌ಬೋರ್ಡಿಗೆ ಬಡಿಯಿತು. ಮೊಣಕಾಲಿಗೆ ಅಂಥದ್ದೇನೂ ಆಗಲಿಲ್ಲ. ಪೆಟ್ಟು ತೊಡೆಯ ಎಲುಬಿನಗುಂಟ ಹಿಂದಕ್ಕೆ ಹೋಗಿ ಟೊಂಕದ ಕೀಲನ್ನೇ ಬಟ್ಟಲಿನಿಂದ ಹೊರಗೆ ತಳ್ಳಿತು, ಬಟ್ಟಲಿನ ಅಂಚೂ ಮುರಿಯಿತು. ಆ ಕೀಲಿನ ಹಿಂದೆಯೇ ಸಯಾಟಿಕ್ ಎಂಬ ನರ ಇಳಿಯುತ್ತದೆ. ಮನುಷ್ಯನ ಮೈಯಲ್ಲಿ ಅತಿ ದಪ್ಪನೆಯ ನರ ಅದು, ಹೆಚ್ಚುಕಡಿಮೆ ಬೆರಳಿನಷ್ಟು. ಕೀಲು ಹಿಂದಕ್ಕೆ ಜಾರಿದಾಗ ಅದು ಜಗ್ಗಿಹೋಯಿತು.

ಅದೇ ರಾತ್ರಿ ಕೀಲು ಕೂಡಿಸಿದರು, ನಾಲ್ಕು ದಿನಕ್ಕೆ ಆಪರೇಷನ್ ಮಾಡಿ ಪ್ಲೇಟು ಹಾಕಿದರು. ಆಪರೇಷನ್ ಚೆನ್ನಾಗಿಯೇ ಆಯಿತು, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ತಕರಾರು ಇರುವುದು ಆಮೇಲಿನದರ ಬಗ್ಗೆ. ಪ್ರತಿ ಸಲ ಹೋದಾಗಲೂ ಎಕ್ಸ್‌ರೇಯನ್ನು ದೀಪಕ್ಕೆ ಹಿಡಿದು "ಬಢಿಯಾ ಹೈ" ಅನ್ನುತ್ತಿದ್ದರು. ಎಲುಬು ಬಢಿಯಾ ಇತ್ತು. ಆದರೆ ಪಾದ ಮೇಲೆತ್ತಲು ಬರುತ್ತಿರಲಿಲ್ಲ. ಚಪ್ಪಲಿ ಕಾಲಿನಿಂದ ಕಳಚಿ ಹಿಂದೆ ಉಳಿದರೂ ನಾನು ಮುಂದೆ ಹೋಗಿರುತ್ತಿದ್ದೆ. ರಾತ್ರಿ ಹತ್ತಕ್ಕೆ ಶುರುವಾದರೆ ಬೆಳಗಿನ ನಾಲ್ಕರವರೆಗೆ ಪಾದದ ಮೇಲ್ಭಾಗ ಉರಿಯುತ್ತಿತ್ತು. ನಡುನಡುವೆ ಮೀನಖಂಡದ ಹೊರಬದಿಯಿಂದ ಹೆಬ್ಬೆರಳಿನವರೆಗೆ ಕರೆಂಟು ಹೊಡೆದ ಹಾಗೆ. ಊರಿನಿಂದ ಅವ್ವ ಕಳಿಸಿದ ಹಳೇ ಸೀರೆಯ ಕೌದಿ ಇತ್ತು, ಮೂವತ್ತು ವರ್ಷ ಅದನ್ನು ಹೊದ್ದೇ ಮಲಗಿದವನು ನಾನು. ಅದರ ಅಂಚು ತಾಗಿದರೆ ಕೆಂಡ ತಾಗಿದಂತೆ ಕಾಲು ಎಳೆದುಕೊಳ್ಳುತ್ತಿದ್ದೆ. ಕೊನೆಗೆ ಹೆಂಡತಿ ಒಂದು ರಟ್ಟಿನ ಡಬ್ಬಿಯ ಎರಡು ಬದಿ ಕತ್ತರಿಸಿ ಪಾದದ ಮೇಲೆ ಗೂಡಿನಂತೆ ಇಟ್ಟು, ಅದರ ಮೇಲೆ ಕೌದಿ ಹಾಕಿದಳು. ನೋಡಿದವರು ನಗುತ್ತಿದ್ದರು. ನಿದ್ದೆ ಮಾತ್ರ ಬಂತು.

ಇದನ್ನೆಲ್ಲ ಡಾಕ್ಟರಿಗೆ ಹೇಳಿದಿರಾ ಎಂದು ನೀವು ಕೇಳಬಹುದು. ಅಲ್ಲೇ ಇರುವುದು ನೋಡಿ ಸ್ವಾರಸ್ಯ. ಅವರು ಕೇಳಿದ್ದು, "ದರ್ದ್ ಕೈಸಾ ಹೈ?" ನಾನು ಹೇಳಿದ್ದು, "ಬಹುತ್ ಹೈ." ಹತ್ತಕ್ಕೆ ಎಷ್ಟು ಅಂದರು. ಆರು ಅಂದೆ. ಲೆಕ್ಕದ ಮನುಷ್ಯ, ಅಂಕಿ ಕೊಡುವುದು ಸುಲಭ. ಅವರು ನೋವಿನ ಗುಳಿಗೆ ಬರೆದರು, ಐದು ದಿನಕ್ಕೆ. ನಾನು ಅದೇ ಚೀಟಿ ತೋರಿಸಿ ತೋರಿಸಿ ನಾಲ್ಕು ತಿಂಗಳು ತಿಂದೆ. ಮುಂಬಯಿಯಲ್ಲಿ ಇಷ್ಟು ವರ್ಷ ಕಳೆದವನಿಗೆ ಹಿಂದಿ ಬರುವುದಿಲ್ಲವೆಂದಲ್ಲ. ರೇಷನ್ ಆಫೀಸಿನಲ್ಲಿ ಜಗಳ ಆಡುವಷ್ಟು ಬರುತ್ತದೆ. ಆದರೆ ನೋವಿಗೆ ನನ್ನ ಹತ್ತಿರ ಹಿಂದಿಯಲ್ಲಿ ಒಂದೇ ಶಬ್ದ ಇತ್ತು, ದರ್ದ್. ಕನ್ನಡದಲ್ಲಿ ಎಷ್ಟಿವೆ ನೋಡಿ. ಬ್ಯಾನಿ, ಸೆಳೆತ, ಸಿಡಿತ, ಚಳುಕು, ಉರಿ, ಕಡಿತ, ಜೋಮು, ಮರಗಟ್ಟುವುದು. ನಮ್ಮವ್ವ ಹಲ್ಲುನೋವಿಗೆ ಒಂದು, ಕಿವಿನೋವಿಗೆ ಇನ್ನೊಂದು, ಹೊಲದಿಂದ ಬಂದ ದಿನದ ಕಾಲುನೋವಿಗೆ ಮತ್ತೊಂದು ಶಬ್ದ ಬಳಸುತ್ತಿದ್ದಳು. ನಾನು ಆ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ "ದರ್ದ್" ಎಂದು ಚೀಟಿ ಅಂಟಿಸಿ ಡಾಕ್ಟರ್ ಮುಂದಿಟ್ಟಿದ್ದೆ. ಅವರಾದರೂ ಏನು ಮಾಡಿಯಾರು? ಅವರ ಹೊರಗೆ ಇನ್ನೂ ನಲವತ್ತು ಜನ ಕಾಯುತ್ತಿದ್ದರು.

ಗುಟ್ಟು ಒಡೆದದ್ದು ಫಿಸಿಯೋಥೆರಪಿಯ ಹುಡುಗಿ. ಮರಾಠಿಯವಳು, ನನ್ನ ಮಗಳ ವಯಸ್ಸು. ಪಾದ ಹಿಡಿದು ಬಗ್ಗಿಸುತ್ತ, "ಕಾಕಾ, ಪಾಯಾಲಾ ಮುಂಗ್ಯಾ ಯೇತಾತ್ ಕಾ?" ಅಂದಳು. ಕಾಲಿಗೆ ಇರುವೆ ಬರುತ್ತವೆಯೇ? ಜೋಮು ಹಿಡಿಯುವುದಕ್ಕೆ ಮರಾಠಿಯಲ್ಲಿ ಹಾಗೆ ಹೇಳುತ್ತಾರೆ. ನಾನು ಹೆಚ್ಚುಕಡಿಮೆ ಎದ್ದು ಕೂತೆ. ಬರೀ ಇರುವೆಯಲ್ಲ ತಾಯಿ, ಕೆಂಜಿಗದ ಗೂಡೇ ಐತಿ! ಅವಳು ಒಂದೊಂದಾಗಿ ಕೇಳಿದಳು. ಉರಿಯುತ್ತದೆಯೋ? ಕರೆಂಟು ಹೊಡೆದಂತೆಯೋ? ಸೂಜಿ ಚುಚ್ಚಿದಂತೆಯೋ? ಮುಟ್ಟಿದರೆ ಗೊತ್ತಾಗುವುದಿಲ್ಲವೋ? ಬಟ್ಟೆ ತಾಗಿದರೂ ನೋವೋ? ಎಲ್ಲಕ್ಕೂ ಹೌದು. "ಹಾಗಾದರೆ ಇದು ಎಲುಬಿನ ನೋವಲ್ಲ ಕಾಕಾ, ನರದ್ದು. ನೀವು ತಿನ್ನುವ ಗುಳಿಗೆ ಇದಕ್ಕೆ ಅಲ್ಲವೇ ಅಲ್ಲ" ಅಂದಳು.

ಆಮೇಲೆ ಓದಿ ತಿಳಿದುಕೊಂಡೆ. ಅವಳ ಪ್ರಶ್ನೆಗಳು ಸುಮ್ಮನೆ ಬಂದವಲ್ಲ. ಡಿಎನ್4 ಎಂದು ಒಂದು ಪ್ರಶ್ನಾವಳಿ ಇದೆ, ಫ್ರಾನ್ಸಿನ ವೈದ್ಯರು 2005ರಲ್ಲಿ ಪ್ರಕಟಿಸಿದ್ದು. ಒಟ್ಟು ಹತ್ತು ಅಂಶ. ಏಳು ರೋಗಿಯನ್ನು ಕೇಳುವಂಥವು, ಮೂರು ಮುಟ್ಟಿ, ಚುಚ್ಚಿ, ಸವರಿ ನೋಡುವಂಥವು. ನಾಲ್ಕು ಅಥವಾ ಹೆಚ್ಚಿಗೆ ಹೌದು ಬಂದರೆ ನರದ ನೋವು ಇರುವ ಸಂಭವ ಹೆಚ್ಚು. ಹತ್ತರಲ್ಲಿ ಏಳು ನಮ್ಮ ಬಾಯಿಂದ ಬರಬೇಕಾದವು! ನರ ಎಷ್ಟು ಪೆಟ್ಟು ತಿಂದಿದೆ ಎಂದು ನೋಡುವ ಕರೆಂಟಿನ ಪರೀಕ್ಷೆ ಇದೆ, ನನಗೂ ಮಾಡಿದರು, ಸೂಜಿ ಚುಚ್ಚಿ. ಆದರೆ ಉರಿ ಎಷ್ಟಿದೆ ಎಂದು ಅದೂ ಹೇಳುವುದಿಲ್ಲ. ಎಕ್ಸ್‌ರೇಯಂತೂ ನರವನ್ನು ನೋಡಿಯೇ ಇಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಏನೆಂದರೆ, ಈ ಕಾಯಿಲೆಯಲ್ಲಿ ಅರ್ಧ ಚಿಕಿತ್ಸೆ ಸರಿಯಾದ ಶಬ್ದ. ಹಿಂದಿ ಬರದಿದ್ದರೆ ಕನ್ನಡದಲ್ಲೇ ಹೇಳಿ, ಜೊತೆಗೆ ಮಗನನ್ನೋ ಸೊಸೆಯನ್ನೋ ಕರೆದೊಯ್ಯಿರಿ. ಅದೂ ಆಗದಿದ್ದರೆ ಬೆಂಕಿಕಡ್ಡಿ ಗೀರಿದಂತೆ, ಪ್ಲಗ್ಗಿನಲ್ಲಿ ಬೆರಳಿಟ್ಟಂತೆ ಎಂದು ಕೈಸನ್ನೆ ಮಾಡಿ ತೋರಿಸಿ. ನಾಚಿಕೆ ಬೇಡ. ಈ ಊರಿನ ಆಸ್ಪತ್ರೆಗಳಲ್ಲಿ ನರ್ಸಮ್ಮಂದಿರಲ್ಲಿ ಮಂಗಳೂರು ಕಡೆಯವರು ಎಷ್ಟೋ ಜನ ಇದ್ದಾರೆ, ಒಮ್ಮೆ ಕನ್ನಡದಲ್ಲಿ ಮಾತಾಡಿಸಿ ನೋಡಿ.

ಈಗ ಗುಳಿಗೆ ವಿಷಯ. ಆ ನಾಲ್ಕು ತಿಂಗಳ ನೋವಿನ ಗುಳಿಗೆಯಿಂದ ನನಗೆ ಆದದ್ದೇನು ಗೊತ್ತೇ? ಉರಿ ಇದ್ದಲ್ಲೇ ಇತ್ತು, ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.8 ಬಂತು. ಮೂತ್ರಪಿಂಡಕ್ಕೆ ಏಟು ಬೀಳುತ್ತಿತ್ತು. ಗುಳಿಗೆ ನಿಲ್ಲಿಸಿದ ಮೇಲೆ ಇಳಿಯಿತು, ದೇವರು ದೊಡ್ಡವನು. ಡೈಕ್ಲೋಫೆನಾಕ್‌ನಂಥ ಗುಳಿಗೆಗಳು ಬಾವು ಇಳಿಸುವಂಥವು. ನರ ತಾನೇ ತಪ್ಪು ಸುದ್ದಿ ಕಳಿಸುತ್ತಿದ್ದರೆ ಅವು ಹೆಚ್ಚೇನೂ ಮಾಡಲಾರವು. ನರದ ನೋವಿಗೆ ಕೊಡುವುದೇ ಬೇರೆ: ಗಬಾಪೆಂಟಿನ್, ಪ್ರೀಗ್ಯಾಬಲಿನ್, ಅಮಿಟ್ರಿಪ್ಟಿಲಿನ್, ಡ್ಯುಲಾಕ್ಸೆಟಿನ್. ಹೆಸರು ಬರೆದಿದ್ದೇನೆ ಎಂದು ಅಂಗಡಿಗೆ ಓಡಬೇಡಿ ಮತ್ತೆ. ಕಣ್ಣಿನ ಒತ್ತಡ, ಪ್ರಾಸ್ಟೇಟ್, ಹೃದಯ, ಮೂತ್ರಪಿಂಡ ಇವನ್ನೆಲ್ಲ ಕೇಳಿಯೇ ಕೊಡಬೇಕಾದ ಔಷಧಿಗಳು ಅವು.

ನನಗೆ ಮೊದಲು ಬರೆದದ್ದು ಅಮಿಟ್ರಿಪ್ಟಿಲಿನ್, 10 ಮಿಲಿಗ್ರಾಂ, ರಾತ್ರಿ ಒಂದು. ಮಗಳು ಅದನ್ನು ಗೂಗಲ್ ಮಾಡಿದಳು. ಖಿನ್ನತೆಯ ಔಷಧಿ ಎಂದು ಬಂತು. ಹೆಂಡತಿ ಅಡುಗೆಮನೆಯಿಂದ ಬಂದು ಎದುರಿಗೆ ಕೂತು, "ಖರೇ ಹೇಳ್ರಿ, ನಿಮ್ಮ ಮನಸಿಗೆ ಏನಾಗೇತಿ?" ಅಂದಳು. ಕಣ್ಣಲ್ಲಿ ನೀರು. ಡಾಕ್ಟರ್ ನನ್ನನ್ನು ನಂಬಿಲ್ಲ, ನೋವೆಲ್ಲ ತಲೆಯಲ್ಲಿದೆ ಎಂದುಕೊಂಡಿದ್ದಾರೆ ಎಂದು ನನಗೂ ಸಿಟ್ಟು ಬಂದು ವಾರ ಅದನ್ನು ಮುಟ್ಟಲಿಲ್ಲ. ವಿಷಯ ಇಷ್ಟೇ. ಖಿನ್ನತೆಗೆ ಕೊಡುವ ಪ್ರಮಾಣ ಇದಕ್ಕಿಂತ ಬಹಳ ಹೆಚ್ಚು. ಇಷ್ಟು ಸಣ್ಣ ಪ್ರಮಾಣದಲ್ಲಿ ಅದು ನರದ ಸುದ್ದಿಯ ದನಿಯನ್ನು ತಗ್ಗಿಸುತ್ತದೆ. ಬರೆದುಕೊಡುವವರು ಅರ್ಧ ನಿಮಿಷ ಇದನ್ನು ಹೇಳಿಬಿಟ್ಟರೆ ಎಷ್ಟು ಮನೆಗಳಲ್ಲಿ ಕಣ್ಣೀರು ಉಳಿದೀತು! ಇದು ನನ್ನ ಎರಡನೆಯ ತಕರಾರು.

ಬಾಯಿ ಒಣಗುತ್ತದೆ, ಬೆಳಗ್ಗೆ ತಲೆ ಭಾರ. ಪ್ರೀಗ್ಯಾಬಲಿನ್ ಸೇರಿಸಿದಾಗ ಲೋಕಲ್ಲಿನಲ್ಲಿ ನಿದ್ದೆ ಹತ್ತಿ ಇಳಿಯುವ ಸ್ಟೇಷನ್ ಬಿಟ್ಟು ಕಲ್ಯಾಣಕ್ಕೆ ಹೋಗಿದ್ದೂ ಉಂಟು. ಪರಿಣಾಮ ತಿಳಿಯಲು ವಾರಗಳು ಬೇಕು, ಎರಡೇ ದಿನಕ್ಕೆ "ಏನೂ ಆಗಲಿಲ್ಲ" ಎಂದು ಬಿಡಬಾರದು. ತಟ್ಟನೆ ನಿಲ್ಲಿಸಲಂತೂ ಕೂಡದು. ಒಮ್ಮೆ ಜಾತ್ರೆಗೆಂದು ಊರಿಗೆ ಹೋದಾಗ ಡಬ್ಬಿ ಇಲ್ಲೇ ಮರೆತು ಬಿಟ್ಟೆ. ಮೂರು ರಾತ್ರಿ ನಿದ್ದೆ ಇಲ್ಲ, ಬೆವರು, ಎದೆ ಡವಡವ. ರಥ ಎಳೆಯುವ ಹೊತ್ತಿಗೆ ನಾನು ಗದಗಿನಲ್ಲಿ ಮೆಡಿಕಲ್ ಅಂಗಡಿ ಹುಡುಕುತ್ತಿದ್ದೆ. ಉರಿ ಪೂರ್ತಿ ಹೋಯಿತೇ ಎಂದರೆ ಇಲ್ಲ. ಆರು ಇದ್ದದ್ದು ಮೂರಕ್ಕೆ ಬಂತು. ಅರ್ಧ ಇಳಿದರೆ ಅದೇ ದೊಡ್ಡ ಗೆಲುವು ಅನ್ನುತ್ತಾರೆ ಡಾಕ್ಟರುಗಳು. ಮೊದಲು ನನಗೆ ಇದು ಸಮಾಧಾನದ ಮಾತು ಅನಿಸಿತ್ತು. ಈಗ ಮೂರರಲ್ಲಿ ಬದುಕುವವನಿಗೆ ಆರು ನೆನಪಾದರೆ ಸಾಕು, ಒಪ್ಪುತ್ತೇನೆ.

ಅಂದ ಹಾಗೆ ಸಕ್ಕರೆ ಮತ್ತು ಬಿ12 ನೋಡಿಸಿಕೊಳ್ಳಿ. ಇವೆರಡರಿಂದಲೂ ಪಾದ ಉರಿಯುತ್ತದೆ, ಎಲ್ಲವನ್ನೂ ಆ ಅಪಘಾತದ ತಲೆಗೇ ಕಟ್ಟುವುದು ಸರಿಯಲ್ಲ. ಶಾಕಾಹಾರಿಗಳಿಗೂ, ಸಕ್ಕರೆಗೆ ಮೆಟ್‌ಫಾರ್ಮಿನ್ ತಿನ್ನುವವರಿಗೂ ಬಿ12 ಕಡಿಮೆಯಾಗುವುದು ಸಾಮಾನ್ಯ. ನನಗೆ ಸಕ್ಕರೆ ಇರಲಿಲ್ಲ, ಬಿ12 ತಳ ಕಂಡಿತ್ತು.

ಇನ್ನು ನಮ್ಮ ಜನರ ಉಪಚಾರ. ಪ್ರೀತಿಯಿಂದಲೇ ಮಾಡುತ್ತಾರೆ, ಅದೇ ಕಷ್ಟ. ಅವ್ವ ಬಂದಿದ್ದಳು. "ಬಿಸಿ ಶೇಕ ಕೊಟ್ರ ಆರಾಮ ಆಗ್ತೈತಿ" ಎಂದು ರಬ್ಬರ್ ಚೀಲದಲ್ಲಿ ಕುದಿನೀರು ಹಾಕಿ ಪಾದದ ಮೇಲೆ ಇಟ್ಟಳು. ಎಷ್ಟು ಬಿಸಿ ಐತೋ ಅಂದಳು. ನನಗೇನೂ ತಿಳಿಯಲಿಲ್ಲ, ಇರಲಿ ಅಂದೆ. ಬೆಳಗ್ಗೆ ಎದ್ದರೆ ನಿಂಬೆಹಣ್ಣಿನ ಗಾತ್ರದ ಬೊಕ್ಕೆ. ಉರಿಯುವ ಪಾದಕ್ಕೆ ಬಿಸಿ ತಿಳಿಯುವುದಿಲ್ಲ, ವಿಚಿತ್ರವಾದರೂ ಸತ್ಯ. ಅದೇ ನರ ಎರಡೂ ಕೆಲಸ ಕೆಡಿಸಿರುತ್ತದೆ. ಆ ಗಾಯ ಮಾಯಲು ಎರಡು ತಿಂಗಳು. ಅವ್ವ ಊರಿಗೆ ಹೋಗುವವರೆಗೂ ನನ್ನ ಪಾದ ನೋಡಲಿಲ್ಲ. ಅಂದಿನಿಂದ ದಿನಾ ರಾತ್ರಿ ಕನ್ನಡಿ ಹಿಡಿದು ಅಂಗಾಲು ನೋಡುವುದು ರೂಢಿಯಾಗಿದೆ. ಶೂ ಹಾಕುವ ಮುಂಚೆ ಒಳಗೆ ಕೈ ಹಾಕಿ ನೋಡುತ್ತೇನೆ. ಒಮ್ಮೆ ಒಂದು ರೂಪಾಯಿ ನಾಣ್ಯ ಇತ್ತು, ಇಡೀ ದಿನ ಅದರ ಮೇಲೆ ನಡೆದಿದ್ದೆ.

ಕೋಲಿನ ವಿಷಯ ಇನ್ನೊಂದು. ಪೆಟ್ಟಾದದ್ದು ಎಡಗಾಲು, ಕೋಲು ಎಡಗೈಯಲ್ಲಿ ಹಿಡಿದು ಎರಡು ತಿಂಗಳು ತೂರಾಡಿದೆ. ಹಿಡಿಯಬೇಕಾದದ್ದು ಎದುರುಬದಿಯ ಕೈಯಲ್ಲಿ. ಯಾರೂ ಹೇಳಿರಲಿಲ್ಲ! ಪಾದ ಜೋತುಬೀಳದಂತೆ ಪ್ಲಾಸ್ಟಿಕ್ಕಿನ ಒಂದು ಪಟ್ಟಿ ಕೊಡುತ್ತಾರೆ, ಮೀನಖಂಡದಿಂದ ಅಂಗಾಲಿನವರೆಗೆ, ಶೂ ಒಳಗೆ ಹಾಕುವಂಥದ್ದು. ಅದಕ್ಕೆ ಒಂದು ಸೈಜು ದೊಡ್ಡ ಶೂ ಬೇಕು. ಮಲಗುವಾಗ ಮಗ್ಗುಲಾದರೆ ಎರಡು ಮೊಣಕಾಲಿನ ನಡುವೆ ದಿಂಬು. ಚಕ್ಕಳಮಕ್ಕಳ ಹಾಕಿ ಕೂಡುವುದು, ಕುಕ್ಕರುಗಾಲಲ್ಲಿ ಕೂಡುವುದು, ತಗ್ಗಿನ ಸೋಫಾ, ಎಲ್ಲ ತಿಂಗಳುಗಟ್ಟಲೆ ಬಂದ್. ಹಿಂದಕ್ಕೆ ಜಾರಿದ ಕೀಲು ಹಾಗೆ ಬಗ್ಗಿದಾಗ ಮತ್ತೆ ಜಾರಬಹುದು. ಮಾಲೀಸು ಮಾಡುವವರನ್ನು, ಎಲುಬು ಕಟ್ಟುವವರನ್ನು ಮೊದಲ ತಿಂಗಳುಗಳಲ್ಲಿ ಟೊಂಕದ ಹತ್ತಿರವೂ ಬಿಡಬೇಡಿ, ಊರಿನ ಎಷ್ಟೇ ದೊಡ್ಡ ಮನುಷ್ಯರು ಶಿಫಾರಸು ಮಾಡಲಿ. ಮೀನಖಂಡ ಒಂದೇ ಬದಿಗೆ ಬಿಗಿದು ಬಾತರೆ, ಅಥವಾ ಒಮ್ಮೆಲೇ ಉಸಿರು ಕಟ್ಟಿದರೆ ಅದು ರಕ್ತ ಹೆಪ್ಪುಗಟ್ಟಿದ್ದಿರಬಹುದು. ಕೂಡುವ ಜಾಗವೇ ಜೋಮು ಹಿಡಿದು ಮೂತ್ರ ಕಟ್ಟಿದರೆ ಬೆನ್ನುಹುರಿಯ ಬುಡದ ನರಗಳ ಮಾತು. ಎರಡಕ್ಕೂ ನಾಳೆ ಎನ್ನಬಾರದು, ಆ ಗಳಿಗೆಯಲ್ಲೇ ಆಸ್ಪತ್ರೆ.

ನರ ಬೆಳೆಯುವ ವೇಗ ಕೇಳಿದ ದಿನ ನಾನು ಕಾಗದ ಪೆನ್ನು ತೆಗೆದುಕೊಂಡೆ. ದಿನಕ್ಕೆ ಸುಮಾರು 1 ಮಿಲಿಮೀಟರ್. ಟೊಂಕದಿಂದ ಪಾದಕ್ಕೆ ನನ್ನ ಕಾಲು 90 ಸೆಂಟಿಮೀಟರ್. ಅಂದರೆ 900 ದಿನ, ಎರಡೂವರೆ ವರ್ಷ. ಮೊದಲು ಎದೆ ಧಸಕ್ಕೆಂದಿತು, ಆಮೇಲೆ ಒಂದು ಥರ ಧೈರ್ಯವೂ ಬಂತು. ಕಂತು ಎಷ್ಟು, ಎಷ್ಟು ವರ್ಷ ಎಂದು ಗೊತ್ತಾದ ಸಾಲ ತೀರಿಸಬಹುದು. ಫಿಸಿಯೋ ಹುಡುಗಿ ನರದ ದಾರಿಯಗುಂಟ ಬೆರಳಿನಿಂದ ತಟ್ಟುತ್ತಿದ್ದಳು. ಎಲ್ಲಿ ತಟ್ಟಿದರೆ ಜುಮ್ಮೆನ್ನುತ್ತದೋ ಅಲ್ಲಿಯವರೆಗೆ ಚಿಗುರು ಬಂದಿದೆ ಎಂದು ಗುರುತು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಆ ಗುರುತು ಮೊಣಕಾಲು ದಾಟಿತ್ತು. ಆಮೇಲೆ ಮನೆಯಲ್ಲಿ ಹೆಂಡತಿಯೇ ತಟ್ಟುತ್ತಿದ್ದಳು, ಬಾಗಿಲು ಬಡಿದ ಹಾಗೆ. 2021ರ ಮಳೆಗಾಲದ ಹೊತ್ತಿಗೆ ಪಾದ ಅರ್ಧ ಎತ್ತಲು ಬಂತು. ಹೆಬ್ಬೆರಳು ಇವತ್ತಿಗೂ ಸರಿಯಾಗಿ ಏಳುವುದಿಲ್ಲ. ಏಳಲಿಕ್ಕಿಲ್ಲ.

ಲೋಕಲ್ಲಿನ ದಿವ್ಯಾಂಗರ ಡಬ್ಬಿಯ ಬಗ್ಗೆ ಹೇಳದಿದ್ದರೆ ಮನಸ್ಸು ತಡೆಯುವುದಿಲ್ಲ. ಪಟ್ಟಿ ಪ್ಯಾಂಟಿನ ಒಳಗಿರುತ್ತದೆ, ಕೋಲು ಬಿಟ್ಟಿದ್ದೆ. ಹತ್ತಿದೊಡನೆ ಎಲ್ಲರ ಕಣ್ಣು ನನ್ನ ಮೇಲೆ. ಒಬ್ಬರು ನೇರವಾಗಿ "ಆಪ್ ಕೋ ಕ್ಯಾ ಹುವಾ ಹೈ?" ಅಂದೇಬಿಟ್ಟರು. ಪ್ಯಾಂಟು ಎತ್ತಿ ತೋರಿಸಿದೆ. ಅವರ ತಪ್ಪಲ್ಲ, ಆರೋಗ್ಯವಂತರು ಆ ಡಬ್ಬಿಗೆ ನುಗ್ಗುವುದನ್ನು ನೋಡಿ ನೋಡಿ ಬೇಸತ್ತವರು. 2016ರ ಕಾನೂನಿನಲ್ಲಿ 40 ಪರ್ಸೆಂಟು ಎಂದು ಗೆರೆ ಎಳೆದಿದ್ದಾರೆ, ಪಾದ ಎಷ್ಟು ಏಳುತ್ತದೆ, ಕಾಲು ಎಷ್ಟು ಬಗ್ಗುತ್ತದೆ ಎಂದು ಅಳೆಯುತ್ತಾರೆ. ರಾತ್ರಿಯ ಉರಿಯನ್ನು ಯಾರು ಅಳೆಯಬೇಕು?

ಆದರೆ ಅವರಿಗಿಂತ ಹೆಚ್ಚು ಮುಚ್ಚಿಟ್ಟವರು ನಾವೇ. ನಮ್ಮ ಕಡೆ ಫೋನೆತ್ತಿದರೆ ಮೊದಲ ಮಾತು "ಆರಾಮ?" ಉತ್ತರವೂ "ಆರಾಮ." ಊರು ಬಿಟ್ಟು ಬಂದವನು ಅಲ್ಲಿಯವರಿಗೆ ಇನ್ನೇನು ಹೇಳಿಯಾನು? ಎರಡು ವರ್ಷ ಅವ್ವನಿಗೆ ನಾನು ಆರಾಮ ಅಂತಲೇ ಹೇಳಿದೆ. ಹೇಳೀ ಹೇಳೀ ಡಾಕ್ಟರಿಗೂ ಅದೇ ಹೇಳುವ ಚಟ ಹತ್ತಿತ್ತು ಅಂತ ಈಗ ಅನಿಸುತ್ತದೆ. ಒಂದು ಸಲ ಮಾತ್ರ ತಡೆಯಲಾರದೆ, "ಇಲ್ಲಬೇ, ಕಾಲು ಉರೀತೈತಿ" ಅಂದೆ. ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಉರಿಯೋ, ಸಿಡಿತಾನೋ?" ಅಂದಳು ಅವ್ವ.

ಸ್ಟೇಷನ್ನಿನಲ್ಲಿ ಸಿಕ್ಕವರನ್ನು ಶನಿವಾರ ನಾನೇ ಕರೆದುಕೊಂಡು ಹೋಗುತ್ತಿದ್ದೇನೆ ಡಾಕ್ಟರ್ ಹತ್ತಿರ. ಹೋಗುವ ಮುಂಚೆ ಎರಡೂ ಭಾಷೆಯಲ್ಲಿ ಒಂದು ಶಬ್ದಗಳ ಚೀಟಿ ಮಾಡುತ್ತಿದ್ದೇನೆ. ಜೋಮಿಗೆ ಹಿಂದಿಯಲ್ಲಿ ಝುನ್‌ಝುನಿ ಎಂದು ಸಿಕ್ಕಿದೆ. ಚಳುಕಿಗೆ ಇನ್ನೂ ಸರಿಯಾದದ್ದು ಸಿಕ್ಕಿಲ್ಲ. ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ಶುಕ್ರವಾರದೊಳಗೆ ತಿಳಿಸಿ.